ಕೋಡಿಯಲ್ಲಿ ಧ್ವನಿ ಹೊಂದಿಸುವ ಬಗೆ: ಎರಡು ಸ್ಪೀಕರಿನ ಟಿವಿಯಿಂದ 7.1 ರಿಸೀವರಿನವರೆಗೆ

ಸಿನಿಮಾ ಹಾಕಿದ್ದೀರಿ. ಮಳೆ, ಗುಡುಗು, ಹಿನ್ನೆಲೆ ಸಂಗೀತ ಎಲ್ಲ ಚೆನ್ನಾಗಿ ಕೇಳುತ್ತಿದೆ. ಪಾತ್ರಗಳ ತುಟಿ ಅಲ್ಲಾಡುತ್ತಿದೆ, ಮಾತು ಮಾತ್ರ ಬಾವಿಯೊಳಗಿಂದ ಬಂದ ಹಾಗಿದೆ. ಫೈಲು ಕೆಟ್ಟಿದೆ ಎಂದುಕೊಂಡು ಇನ್ನೊಂದನ್ನು ಹುಡುಕುವ ಮೊದಲು ಕೋಡಿಯ (ಸಿನಿಮಾ, ಹಾಡು ಓಡಿಸುವ ತಂತ್ರಾಂಶ) ಆಡಿಯೋ ಸೆಟ್ಟಿಂಗ್ ತೆರೆದು ನೋಡಿ. ಬಹುತೇಕ ಅಲ್ಲಿ ಚಾನೆಲ್ ಸಂಖ್ಯೆ 5.1 (ಐದು ಸ್ಪೀಕರ್, ತಗ್ಗಿನ ಧ್ವನಿಗೆ ಒಂದು ವೂಫರ್) ಎಂದಿರುತ್ತದೆ, ಗೋಡೆಯ ಮೇಲಿರುವುದು ಎರಡೇ ಸ್ಪೀಕರಿನ ಟಿವಿ. 5.1 ಮಿಶ್ರಣದಲ್ಲಿ ಸಂಭಾಷಣೆಯ ಬಹುಭಾಗ ನಡುವಿನ ಸ್ಪೀಕರಿಗೆ ಮೀಸಲು. ಆ ಸ್ಪೀಕರ್ ಇದೆ ಎಂದು ನೀವು ಕೋಡಿಗೆ ಹೇಳಿದ್ದೀರಿ, ಅದು ನಂಬಿ ಮಾತನ್ನೆಲ್ಲ ಅಲ್ಲಿಗೆ ಕಳಿಸುತ್ತಿದೆ. ಸ್ಪೀಕರೇ ಇಲ್ಲದ ಕಡೆ ಮಾತು ಕಳೆದುಹೋಗುತ್ತಿದೆ.

'ನಂಬರ್ ಆಫ್ ಚಾನೆಲ್ಸ್' ಎಂಬ ಸಾಲನ್ನು 'ನಿಮ್ಮ ಹತ್ತಿರ ಎಷ್ಟು ಸ್ಪೀಕರ್ ಇವೆ' ಎಂದು ಓದಿಕೊಳ್ಳುವುದರಿಂದಲೇ ಅರ್ಧ ತೊಂದರೆ ಹುಟ್ಟುತ್ತದೆ. ಅದು ನಿಜವಾಗಿ ಕೇಳುತ್ತಿರುವುದು ಬೇರೆ: ಕೋಡಿ ಇರುವ ಪೆಟ್ಟಿಗೆಯಿಂದ ಹೊರಡುವ ಕೇಬಲ್ ಬಿಚ್ಚಿದ ಧ್ವನಿಯ ಎಷ್ಟು ಚಾನೆಲ್‌ಗಳನ್ನು ಹೊರಬಲ್ಲದು, ಆ ಕಡೆಯ ಸಾಧನ ಎಷ್ಟನ್ನು ಇಳಿಸಿಕೊಳ್ಳಬಲ್ಲದು? ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದರೆ ಉಳಿದ ಸೆಟ್ಟಿಂಗ್‌ಗಳು ತಾವಾಗಿ ಅರ್ಥವಾಗುತ್ತವೆ.

ಬಿಚ್ಚಿ ಕಳಿಸುವುದು, ಗಂಟಾಗಿ ಕಳಿಸುವುದು

ಕೋಡಿ ಧ್ವನಿಯನ್ನು ಎರಡು ರೀತಿಯಲ್ಲಿ ಹೊರಗೆ ಕಳಿಸುತ್ತದೆ. ಮೊದಲನೆಯದು, ಫೈಲಿನಲ್ಲಿರುವ ಧ್ವನಿಯ ಫಾರ್ಮ್ಯಾಟ್ ಡಾಲ್ಬಿ, ಡಿಟಿಎಸ್, ಎಎಸಿ ಯಾವುದೇ ಇರಲಿ, ತಾನೇ ಡೀಕೋಡ್ ಮಾಡಿ ಪಿಸಿಎಂ, ಅಂದರೆ ಬಿಚ್ಚಿದ ಧ್ವನಿಯ ರೂಪದಲ್ಲಿ ಕೊಡುವುದು. ಗಂಟು ಬಿಚ್ಚಿ ಸಾಮಾನು ಒಂದೊಂದಾಗಿ ಸಾಗಿಸಿದ ಹಾಗೆ. ಎರಡನೆಯದು ಪಾಸ್‌ಥ್ರೂ: ಗಂಟನ್ನು ಮುಟ್ಟದೆ ಹಾಗೇ ರಿಸೀವರಿಗೆ (ಸ್ಪೀಕರುಗಳನ್ನು ನುಡಿಸುವ ಆಂಪ್ಲಿಫೈಯರ್ ಪೆಟ್ಟಿಗೆ) ದಾಟಿಸುವುದು, ಬಿಚ್ಚುವ ಕೆಲಸ ರಿಸೀವರಿನದು. ಚಾನೆಲ್ ಸಂಖ್ಯೆಯ ಸೆಟ್ಟಿಂಗ್ ಮೊದಲನೆಯ ದಾರಿಗೆ ಮಾತ್ರ ಅನ್ವಯಿಸುತ್ತದೆ, ಪಾಸ್‌ಥ್ರೂಗೆ ಅದರ ಹಂಗಿಲ್ಲ. ಹಾಗಾಗಿಯೇ ಚಾನೆಲ್ 2.0 ಎಂದಿಟ್ಟರೂ ಆಪ್ಟಿಕಲ್ ಕೇಬಲಿನಲ್ಲಿ 5.1 ಸಿಗುತ್ತದೆ.

ಯಾವ ಕೇಬಲ್ ಎಷ್ಟು ಹೊರುತ್ತದೆ ಎಂಬುದು ಹೀಗೆ. 3.5 ಮಿಮೀ ಆಡಿಯೋ ಜಾಕ್ ಒಂದಕ್ಕೆ ಎರಡು ಚಾನೆಲ್. ಆಪ್ಟಿಕಲ್ ಕೇಬಲಿನಲ್ಲಿ ಬಿಚ್ಚಿದ ಪಿಸಿಎಂ ಆದರೆ ಎರಡೇ ಚಾನೆಲ್, ಗಂಟಾಗಿ ಆದರೆ ಡಾಲ್ಬಿ ಡಿಜಿಟಲ್ ಅಥವಾ ಸಾಧಾರಣ ಡಿಟಿಎಸ್‌ನ 5.1. ಡಾಲ್ಬಿ ಡಿಜಿಟಲ್ ಸೆಕೆಂಡಿಗೆ ಹೆಚ್ಚೆಂದರೆ 640 ಕಿಲೋಬಿಟ್, ಡಿಟಿಎಸ್ ಸುಮಾರು 1,500 ಕಿಲೋಬಿಟ್. ಆಪ್ಟಿಕಲ್ ಇವೆರಡನ್ನೂ ಸಲೀಸಾಗಿ ಹೊರುತ್ತದೆ. ಬ್ಲೂರೇಯ ಟ್ರೂಎಚ್‌ಡಿ ಸೆಕೆಂಡಿಗೆ 18 ಮೆಗಾಬಿಟ್‌ವರೆಗೆ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ 24.5 ಮೆಗಾಬಿಟ್‌ವರೆಗೆ ಹೋಗಬಹುದು. ಅವು ಆಪ್ಟಿಕಲ್‌ನಲ್ಲಿ ಹಿಡಿಸುವುದಿಲ್ಲ. ಪೂರ್ತಿ ಎಚ್‌ಡಿಎಂಐ ಆದರೆ ಎಂಟು ಚಾನೆಲ್ ಪಿಸಿಎಂ ಜೊತೆಗೆ ಮೇಲಿನ ಎಲ್ಲ ಗಂಟುಗಳೂ ಸಾಗುತ್ತವೆ. ಟಿವಿಯಿಂದ ಸೌಂಡ್‌ಬಾರಿಗೆ ಧ್ವನಿ ಒಯ್ಯುವ ಎಆರ್‌ಸಿ ಎಂಬ ದಾರಿ ಎಚ್‌ಡಿಎಂಐ ಕೇಬಲಿನಲ್ಲೇ ಇದ್ದರೂ ಅದರ ಯೋಗ್ಯತೆ ಆಪ್ಟಿಕಲಿಗೆ ಹತ್ತಿರ, ಜೊತೆಗೆ ಸಾಮಾನ್ಯವಾಗಿ ಡಾಲ್ಬಿ ಡಿಜಿಟಲ್ ಪ್ಲಸ್ ಸಿಗುತ್ತದೆ. ಎಚ್‌ಡಿಎಂಐ 2.1 ಜೊತೆ 2017ರಲ್ಲಿ ಬಂದ ಇಎಆರ್‌ಸಿ ಎಂಬ ಅದರ ಸುಧಾರಿತ ರೂಪ ಈ ಕಟ್ಟನ್ನು ಬಿಡಿಸಿತು. ಅದರಲ್ಲಿ ಎಂಟು ಚಾನೆಲ್ ಪಿಸಿಎಂ, ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಎಲ್ಲಕ್ಕೂ ಜಾಗವಿದೆ.

ಸೆಟ್ಟಿಂಗ್ ತೆರೆಯುವುದು

ಮುಖಪುಟದ ಗಿಯರ್ ಚಿಹ್ನೆ ಒತ್ತಿ, 'ಸಿಸ್ಟಮ್', ಅಲ್ಲಿಂದ 'ಆಡಿಯೋ'. ಎಡಗಡೆ ಕೆಳಮೂಲೆಯಲ್ಲಿ 'ಸ್ಟ್ಯಾಂಡರ್ಡ್' ಎಂದೋ 'ಬೇಸಿಕ್' ಎಂದೋ ಇರುತ್ತದೆ. 'ಎಕ್ಸ್‌ಪರ್ಟ್' ಎಂದು ಬರುವವರೆಗೆ ಅದನ್ನೇ ಒತ್ತುತ್ತಾ ಹೋಗಿ. ಇದನ್ನು ಮಾಡದಿದ್ದರೆ ಮುಂದೆ ಹೇಳುವ ಕೆಲವು ಸಾಲುಗಳು ಕಾಣಿಸುವುದೇ ಇಲ್ಲ, 'ನಮ್ಮ ಕೋಡಿಯಲ್ಲಿ ಆ ಆಯ್ಕೆ ಇಲ್ಲ' ಅನಿಸುತ್ತದೆ. ಕೋಡಿಗೆ 2014ರವರೆಗೆ ಎಕ್ಸ್‌ಬಿಎಂಸಿ ಎಂಬ ಹೆಸರಿತ್ತು. ಆ ಹೆಸರಿನಲ್ಲಿ ಬರೆದ ಹಳೆಯ ಸಲಹೆಗಳಲ್ಲಿ ಮೆನುವಿನ ಜಾಗ ಬೇರೆ, ಅವನ್ನು ಹಿಡಿದು ಹುಡುಕಬೇಡಿ.

ಕೋಡಿ ತೆರೆಯುವ ಮೊದಲೇ ಟಿವಿ ಮತ್ತು ರಿಸೀವರ್ ಆನ್ ಆಗಿರಲಿ. ಎಚ್‌ಡಿಎಂಐ ಮೂಲಕ ಆ ಕಡೆಯ ಸಾಧನ ತನ್ನ ಯೋಗ್ಯತೆಯ ಪಟ್ಟಿಯನ್ನು ಹೇಳಿದ ಮೇಲೆಯೇ ಕೋಡಿಗೆ ಅದರ ಹೆಸರು, ಚಾನೆಲ್, ಫಾರ್ಮ್ಯಾಟ್ ತಿಳಿಯುವುದು. ರಿಸೀವರ್ ಮಲಗಿದ್ದಾಗ ಕೋಡಿ ಶುರುವಾದರೆ ಸಾಧನದ ಪಟ್ಟಿಯಲ್ಲಿ ಅದು ಇರುವುದೇ ಇಲ್ಲ.

ಎರಡೇ ಸ್ಪೀಕರ್ ಇರುವ ಮನೆ

ಟಿವಿಯ ಸ್ಪೀಕರ್, ಹೆಡ್‌ಫೋನ್, ಸ್ಟಿರಿಯೋ ಆಂಪ್ಲಿಫೈಯರ್: ಎಲ್ಲಕ್ಕೂ 'ನಂಬರ್ ಆಫ್ ಚಾನೆಲ್ಸ್' 2.0, 'ಅಲೋ ಪಾಸ್‌ಥ್ರೂ' ಆಫ್. ಕೋಡಿ 5.1 ಮಿಶ್ರಣವನ್ನು ಎರಡಕ್ಕೆ ಇಳಿಸುವಾಗ ನಡುವಿನ ಮಾತನ್ನು ಎಡ-ಬಲ ಎರಡಕ್ಕೂ ಹಂಚುತ್ತದೆ.

ಕಂಪ್ಯೂಟರಿಗೆ ಹಾಕುವ ಸಬ್‌ವೂಫರ್ ಇರುವ 2.1 ಸ್ಪೀಕರ್ ಸೆಟ್ ಇದ್ದವರೂ 2.0 ಎಂದೇ ಇಡಬೇಕು. ಇಲ್ಲಿ ಬಹಳ ಮಂದಿ ಎಡವುತ್ತಾರೆ. ಆ ಸೆಟ್‌ಗೆ ಹೋಗುವುದು ಒಂದೇ ಸ್ಟಿರಿಯೋ ಪಿನ್. ತಗ್ಗಿನ ಧ್ವನಿಯನ್ನು ಬೇರ್ಪಡಿಸಿ ವೂಫರಿಗೆ ಕೊಡುವ ಸರ್ಕ್ಯೂಟು ಸೆಟ್‌ನ ಒಳಗಿದೆ. ಕೋಡಿಯಲ್ಲಿ 2.1 ಆರಿಸಿದರೆ ಅದು ಮೂರನೆಯ ಚಾನೆಲಿಗೆ ತಂತಿ ಹುಡುಕುತ್ತದೆ, ಇಲ್ಲದ ತಂತಿಗೆ ಬೇಸ್ ಹಾಕಿ ಕುಳಿತುಕೊಳ್ಳುತ್ತದೆ.

2.0 ಇಟ್ಟ ಮೇಲೂ ಮಾತು ಸಣ್ಣಗಿದ್ದರೆ 'ಮೇಂಟೇನ್ ಒರಿಜಿನಲ್ ವಾಲ್ಯೂಮ್ ಆನ್ ಡೌನ್‌ಮಿಕ್ಸ್' ಆನ್ ಮಾಡಿ. ಆರು ಚಾನೆಲ್ ಎರಡರಲ್ಲಿ ಕೂಡಿದಾಗ ಧ್ವನಿ ಮಿತಿ ಮೀರಿ ಒಡೆಯದಿರಲೆಂದು ಕೋಡಿ ಒಟ್ಟು ಮಟ್ಟವನ್ನು ತಗ್ಗಿಸುತ್ತದೆ. ಈ ಆಯ್ಕೆ ಆನ್ ಆದರೆ ಮಟ್ಟ ತಗ್ಗಿಸುವ ಬದಲು ಸದ್ದಿನ ಏರಿಳಿತವನ್ನು ಅದುಮುತ್ತದೆ: ಪಿಸುಮಾತು ಕೇಳುವಷ್ಟಾಗುತ್ತದೆ, ಸ್ಫೋಟದ ಸದ್ದಿನ ಬೀಸು ಸ್ವಲ್ಪ ಕಡಿಮೆಯಾಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ರಾತ್ರಿ ನೋಡುವವರಿಗೆ ಇದೇ ಒಳ್ಳೆಯದು. ಇದಲ್ಲದೆ, ಸಿನಿಮಾ ಓಡುತ್ತಿರುವಾಗಲೇ ಪರದೆಯ ಮೇಲಿನ ಆಡಿಯೋ ಮೆನುವಿನಲ್ಲಿ 'ಸೆಂಟರ್ ಮಿಕ್ಸ್ ಲೆವೆಲ್' ಎಂಬುದಿದೆ. ಡೌನ್‌ಮಿಕ್ಸ್ ಆಗುವಾಗ ನಡುವಿನ ಚಾನೆಲನ್ನಷ್ಟೇ ಎತ್ತುವ ಸಾಧನ ಅದು. 3 ಡೆಸಿಬೆಲ್ ಏರಿಸಿ ಕೇಳಿ, ಸಾಲದಿದ್ದರೆ 6. ಒಟ್ಟು ವಾಲ್ಯೂಮ್ ಏರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಮೂರು ಜಾಕ್‌ನ ಅನಲಾಗ್ 5.1

ಆರು ಆರ್‌ಸಿಎ ಇನ್‌ಪುಟ್ ಇರುವ ಹೋಮ್ ಥಿಯೇಟರ್, ಸ್ಥಳೀಯವಾಗಿ ಅಸೆಂಬಲ್ ಮಾಡಿಸಿದ 5.1 ಆಂಪ್ಲಿಫೈಯರ್ ನಮ್ಮ ಕಡೆ ಇನ್ನೂ ಬೇಕಾದಷ್ಟು ಮನೆಗಳಲ್ಲಿವೆ. ಇವಕ್ಕೆ ಒಂದು ಕಡೆ 3.5 ಮಿಮೀ ಪಿನ್, ಇನ್ನೊಂದು ಕಡೆ ಎರಡು ಆರ್‌ಸಿಎ ಇರುವ ಕೇಬಲ್ ಮೂರು ಬೇಕು. ಡೆಸ್ಕ್‌ಟಾಪ್ ಬೋರ್ಡಿನ ಹಿಂಬದಿಯಲ್ಲಿ ಐದಾರು ಜಾಕ್ ಇದ್ದರೆ ಹಸಿರು ಮುಂದಿನ ಎಡ-ಬಲಕ್ಕೆ, ಕಪ್ಪು ಹಿಂದಿನದಕ್ಕೆ, ಕಿತ್ತಳೆ ನಡುವಿನ ಸ್ಪೀಕರ್ ಮತ್ತು ವೂಫರಿಗೆ. ಮೂರೇ ಜಾಕ್ ಇರುವ ಬೋರ್ಡಿನಲ್ಲಿ ಸಾಮಾನ್ಯವಾಗಿ ನೀಲಿ ಹಿಂದಿನದಾಗುತ್ತದೆ, ಗುಲಾಬಿ ನಡು ಮತ್ತು ವೂಫರಿನದಾಗುತ್ತದೆ. ಸೌಂಡ್ ಡ್ರೈವರಿನ ಪ್ಯಾನೆಲಿನಲ್ಲಿ ಅವನ್ನು ಇನ್‌ಪುಟ್‌ನಿಂದ ಔಟ್‌ಪುಟ್‌ಗೆ ಬದಲಿಸಬೇಕು.

ವಿಂಡೋಸ್‌ನಲ್ಲಿ ಸೌಂಡ್ ಕಂಟ್ರೋಲ್ ಪ್ಯಾನೆಲ್ ತೆರೆದು ಸ್ಪೀಕರನ್ನು ಆರಿಸಿ, 'ಕಾನ್ಫಿಗರ್' ಒತ್ತಿ 5.1 ಮಾಡಿ, ಅಲ್ಲೇ ಪ್ರತಿ ಸ್ಪೀಕರಿನ ಪರೀಕ್ಷಾ ಧ್ವನಿ ಕೇಳಿ. ಇಲ್ಲಿ ಸರಿ ಬಾರದ್ದು ಕೋಡಿಯಲ್ಲೂ ಬಾರದು. ಮಾತು ವೂಫರಿನಿಂದ ಗೊರಗೊರ ಬರುತ್ತಿದ್ದರೆ ಕಿತ್ತಳೆ ಜಾಕಿನ ಎರಡು ಆರ್‌ಸಿಎ ಅದಲುಬದಲಾಗಿವೆ. ಮಾತು ಹಿಂದಿನಿಂದ ಬಂದರೆ ಎರಡು ಜಾಕ್‌ಗಳೇ ಅದಲುಬದಲು. ನಂತರ ಕೋಡಿಯಲ್ಲಿ ಚಾನೆಲ್ 5.1, ಪಾಸ್‌ಥ್ರೂ ಆಫ್. ಈ ಆಂಪ್ಲಿಫೈಯರಿಗೆ ಗಂಟು ಬಿಚ್ಚಲು ಬರುವುದಿಲ್ಲ, ಎಲ್ಲವನ್ನೂ ಕೋಡಿಯೇ ಬಿಚ್ಚಿಕೊಡಬೇಕು. ಅದೇ ಇದರ ಅನುಕೂಲವೂ ಹೌದು: ಡಿಟಿಎಸ್-ಎಚ್‌ಡಿ ಫೈಲು ಕೂಡ ಇದರಲ್ಲಿ ಆರು ಚಾನೆಲಾಗಿ ನುಡಿಯುತ್ತದೆ.

ಆಪ್ಟಿಕಲ್ ಮತ್ತು ಎಆರ್‌ಸಿ: ತಪ್ಪು ಹೆಚ್ಚು ಆಗುವ ಜಾಗ

ಚಾನೆಲ್ 2.0. ನಂತರ 'ಅಲೋ ಪಾಸ್‌ಥ್ರೂ' ಆನ್, 'ಪಾಸ್‌ಥ್ರೂ ಔಟ್‌ಪುಟ್ ಡಿವೈಸ್'ನಲ್ಲಿ ಆಪ್ಟಿಕಲ್ ಅಥವಾ ಎಚ್‌ಡಿಎಂಐ ಸಾಧನವನ್ನೇ ಆರಿಸಿ. ಮೇಲಿನ 'ಆಡಿಯೋ ಔಟ್‌ಪುಟ್ ಡಿವೈಸ್' ಮತ್ತು ಇದು ಬೇರೆ ಬೇರೆ ಸಾಲುಗಳು, ಎರಡನ್ನೂ ನೋಡಬೇಕು. 'ಡಾಲ್ಬಿ ಡಿಜಿಟಲ್ ಕೇಪಬಲ್ ರಿಸೀವರ್' ಆನ್ ಮಾಡಿ. 'ಡಿಟಿಎಸ್ ಕೇಪಬಲ್ ರಿಸೀವರ್' ಆನ್ ಮಾಡುವುದು ರಿಸೀವರಿನ ಮೇಲೆ ಡಿಟಿಎಸ್ ಗುರುತಿದ್ದರೆ ಮಾತ್ರ. ಎಆರ್‌ಸಿ ಆದರೆ ನಡುವಿನ ಟಿವಿಯೂ ಡಿಟಿಎಸ್ ದಾಟಿಸಬೇಕು, ಎಷ್ಟೋ ಟಿವಿಗಳು ದಾಟಿಸುವುದಿಲ್ಲ. ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಎರಡೂ ಆಫ್ ಇರಲಿ. ಡಾಲ್ಬಿ ಡಿಜಿಟಲ್ ಪ್ಲಸ್ ಆಪ್ಟಿಕಲ್‌ಗೆ ಆಫ್, ಎಆರ್‌ಸಿಗೆ ಆನ್ ಮಾಡಿ ಪರೀಕ್ಷಿಸಿ.

ಮೊದಲ ಸಲ ಪಾಸ್‌ಥ್ರೂ ಆನ್ ಮಾಡುವಾಗ ರಿಸೀವರಿನ ವಾಲ್ಯೂಮ್ ತೀರಾ ಇಳಿಸಿ. ಆ ಕಡೆಯ ಸಾಧನ ಗಂಟನ್ನು ಗುರುತಿಸದೆ ಪಿಸಿಎಂ ಎಂದೇ ಓದಿಬಿಟ್ಟರೆ ಪೂರ್ತಿ ಜೋರಿನಲ್ಲಿ 'ಶ್ಶ್ಶ್' ಎಂಬ ಗದ್ದಲ ಬರುತ್ತದೆ. ಚಿಕ್ಕ ಸ್ಪೀಕರಿನ ಟ್ವೀಟರಿಗೂ ಕಿವಿಗೂ ಅದು ಒಳ್ಳೆಯದಲ್ಲ.

ಇಷ್ಟಾದ ಮೇಲೆ ಒಂದು ಗೊಂದಲ ಉಳಿಯುತ್ತದೆ. ಡಾಲ್ಬಿ ಫೈಲು 5.1 ಬರುತ್ತದೆ, ಇನ್ನೊಂದು ಫೈಲು, ಅದೂ 5.1 ಎಂದೇ ಬರೆದಿರುವುದು, ಮುಂದಿನ ಎರಡೇ ಸ್ಪೀಕರಿನಲ್ಲಿ ಬರುತ್ತದೆ. ಎರಡನೆಯದರ ಧ್ವನಿ ಎಎಸಿ, ಫ್ಲ್ಯಾಕ್ ಅಥವಾ ಓಪಸ್ ಆಗಿರುತ್ತದೆ. ಇವನ್ನು ಕೋಡಿ ಗಂಟಾಗಿ ಕಳಿಸುವುದಿಲ್ಲ, ಬಿಚ್ಚುತ್ತದೆ. ಬಿಚ್ಚಿದ ಧ್ವನಿಗೆ ಆಪ್ಟಿಕಲ್‌ನಲ್ಲಿ ಎರಡೇ ಚಾನೆಲ್. ಇದಕ್ಕೆ ಮದ್ದು 'ಎನೇಬಲ್ ಡಾಲ್ಬಿ ಡಿಜಿಟಲ್ ಟ್ರಾನ್ಸ್‌ಕೋಡಿಂಗ್'. ಆಗ ಕೋಡಿ ಬಿಚ್ಚಿದ ಆರು ಚಾನೆಲನ್ನು ಮತ್ತೆ ಡಾಲ್ಬಿ ಡಿಜಿಟಲ್ ಗಂಟಾಗಿ ಕಟ್ಟಿ ಕಳಿಸುತ್ತದೆ. ಇದು ಕೆಲಸ ಮಾಡಬೇಕಾದರೆ ಚಾನೆಲ್ 2.0 ಎಂದೇ ಇರಬೇಕು. 5.1 ಎಂದಿಟ್ಟರೆ ಕೇಬಲ್ ಆರು ಚಾನೆಲ್ ಹೊರುತ್ತದೆಂದು ನಂಬಿ ಕೋಡಿ ಕಟ್ಟುವ ಗೋಜಿಗೇ ಹೋಗುವುದಿಲ್ಲ.

ಡಿಟಿಎಸ್ ದಾಟಿಸದ ಟಿವಿಗೂ ಇದೇ ಉಪಾಯ. ಡಿಟಿಎಸ್ ಆಯ್ಕೆಯನ್ನು ಆಫ್ ಮಾಡಿ ಟ್ರಾನ್ಸ್‌ಕೋಡಿಂಗ್ ಆನ್ ಇಡಿ. ಡಿಟಿಎಸ್, ಡಿಟಿಎಸ್-ಎಚ್‌ಡಿ, ಟ್ರೂಎಚ್‌ಡಿ ಎಲ್ಲವೂ ಡಾಲ್ಬಿ ಡಿಜಿಟಲ್ 5.1 ಆಗಿ ಸೌಂಡ್‌ಬಾರ್ ತಲುಪುತ್ತವೆ. ಗುಣಮಟ್ಟದಲ್ಲಿ ಸ್ವಲ್ಪ ನಷ್ಟವಿದೆ, ಸೌಂಡ್‌ಬಾರಿನಲ್ಲಿ ಅದನ್ನು ಗುರುತಿಸುವುದು ಕಷ್ಟ. ಮೌನಕ್ಕಿಂತ, ಬರೀ ಸ್ಟಿರಿಯೋಗಿಂತ ಇದು ಖಂಡಿತ ವಾಸಿ.

ಟಿವಿಯ ಸೆಟ್ಟಿಂಗಿನಲ್ಲೂ ಒಂದು ಬೀಗವಿದೆ. ಅಲ್ಲಿನ ಡಿಜಿಟಲ್ ಆಡಿಯೋ ಔಟ್‌ಪುಟ್ 'ಪಿಸಿಎಂ' ಎಂದಿದ್ದರೆ ಎಆರ್‌ಸಿಯಿಂದ ಹೊರಡುವುದು ಸ್ಟಿರಿಯೋ ಮಾತ್ರ, ಕೋಡಿಯಲ್ಲಿ ಏನು ಮಾಡಿದರೂ ಅಷ್ಟೇ. ಅದನ್ನು 'ಪಾಸ್‌ಥ್ರೂ', 'ಬಿಟ್‌ಸ್ಟ್ರೀಮ್' ಅಥವಾ 'ಆಟೋ' ಮಾಡಿ.

ಎಚ್‌ಡಿಎಂಐ ನೇರವಾಗಿ ರಿಸೀವರಿಗೆ

ಇದು ಎಲ್ಲಕ್ಕಿಂತ ಸುಲಭ. ಪೆಟ್ಟಿಗೆಯ ಕೇಬಲ್ ರಿಸೀವರಿಗೆ, ರಿಸೀವರಿನಿಂದ ಟಿವಿಗೆ. ಚಾನೆಲ್ ಸಂಖ್ಯೆ ನಿಮ್ಮ ಸ್ಪೀಕರಿಗೆ ತಕ್ಕಂತೆ 5.1 ಅಥವಾ 7.1. ರಿಸೀವರಿನ ಮುಖದ ಮೇಲಿರುವ ಗುರುತುಗಳನ್ನು ನೋಡಿ ಅಷ್ಟೇ ಫಾರ್ಮ್ಯಾಟ್‌ಗಳನ್ನು ಆನ್ ಮಾಡಿ. ಟ್ರಾನ್ಸ್‌ಕೋಡಿಂಗ್ ಇಲ್ಲಿ ಬೇಡ.

ಪಾಸ್‌ಥ್ರೂ ಬೇಕೇಬೇಕೆ? ಡಾಲ್ಬಿ ಅಟ್ಮಾಸ್, ಡಿಟಿಎಸ್:ಎಕ್ಸ್‌ಗೆ ಚಾವಣಿಯ ಸ್ಪೀಕರ್ ಹಾಕಿಸಿದ್ದರೆ ಬೇಕು. ಆ ಎತ್ತರದ ಧ್ವನಿಯ ಮಾಹಿತಿಯನ್ನು ಕೋಡಿ ಬಿಚ್ಚಲಾರದು, ರಿಸೀವರೇ ಬಿಚ್ಚಬೇಕು. ಚಾವಣಿಯ ಸ್ಪೀಕರ್ ಇಲ್ಲದ 5.1, 7.1 ಮನೆಯಲ್ಲಿ ಪಾಸ್‌ಥ್ರೂ ಆಫ್ ಇಟ್ಟು ಕೋಡಿಯೇ ಬಿಚ್ಚಲಿ ಎಂಬುದು ನಮ್ಮ ಅಭಿಪ್ರಾಯ. ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಎರಡೂ ನಷ್ಟವಿಲ್ಲದ ಫಾರ್ಮ್ಯಾಟ್, ಯಾರು ಬಿಚ್ಚಿದರೂ ಒಳಗಿನದು ಅದೇ. ಜೊತೆಗೆ ಕೋಡಿಯ ವಾಲ್ಯೂಮ್ ಕೆಲಸ ಮಾಡುತ್ತದೆ, ಹಾಡಿನಿಂದ ಹಾಡಿಗೆ ಹೋಗುವಾಗ ರಿಸೀವರ್ ಟಕ್ ಎಂದು ಮೋಡ್ ಬದಲಿಸುವುದು ತಪ್ಪುತ್ತದೆ. ಪಾಸ್‌ಥ್ರೂನಲ್ಲಿ ಕೋಡಿಯ ವಾಲ್ಯೂಮ್ ಒತ್ತಿದರೆ ಏನೂ ಆಗುವುದಿಲ್ಲ. ಅದು ದೋಷವಲ್ಲ, ಗಂಟಿನೊಳಗೆ ಕೈ ಹಾಕಲು ಕೋಡಿಗೆ ದಾರಿಯಿಲ್ಲ.

ಯಂತ್ರಕ್ಕೆ ತಕ್ಕ ಹಾಗೆ

ವಿಂಡೋಸ್‌ನಲ್ಲಿ ಒಂದೇ ಸಾಧನ ಪಟ್ಟಿಯಲ್ಲಿ ಎರಡು ಸಲ ಬರುತ್ತದೆ: 'ಡೈರೆಕ್ಟ್‌ಸೌಂಡ್' ಮತ್ತು 'ವಾಸಾಪಿ'. ಸರೌಂಡ್ ಬೇಕಾದರೆ ವಾಸಾಪಿ ಆರಿಸಿ. ಅದು ಸಾಧನವನ್ನು ಪೂರ್ತಿ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ, ಹಾಗಾಗಿ ಕೋಡಿ ನುಡಿಯುವಾಗ ಬ್ರೌಸರಿನ ಸದ್ದು ಬರುವುದಿಲ್ಲ. ವಾಸಾಪಿ ಆರಿಸಿದರೆ ಮೌನವಾಗುತ್ತದೆ ಎಂದಾದರೆ ವಿಂಡೋಸ್‌ನ ಸಾಧನದ ಪ್ರಾಪರ್ಟೀಸ್, 'ಅಡ್ವಾನ್ಸ್‌ಡ್' ಪುಟದಲ್ಲಿ ಎಕ್ಸ್‌ಕ್ಲೂಸಿವ್ ಕಂಟ್ರೋಲ್‌ಗೆ ಅನುಮತಿ ಕೊಡುವ ಗುರುತು ತೆಗೆದುಹೋಗಿದೆಯೇ ನೋಡಿ.

ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಲಿಬ್ರೆಎಲೆಕ್ (ಕೋಡಿಗೆಂದೇ ಮಾಡಿದ ಆಪರೇಟಿಂಗ್ ಸಿಸ್ಟಮ್) ಹಾಕಿದವರು ಪವರ್ ಜಾಕಿಗೆ ಹತ್ತಿರವಿರುವ ಎಚ್‌ಡಿಎಂಐ ಪೋರ್ಟಿಗೇ ಕೇಬಲ್ ಹಾಕಿ. ಪೈ 4 ಮತ್ತು 5 ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಗಂಟುಗಳನ್ನು ದಾಟಿಸುತ್ತವೆ, ಪೈ 3ಕ್ಕೆ ಅದು ಆಗದು. ಎಚ್‌ಡಿ ಗಂಟು ಎಚ್‌ಡಿಎಂಐಯಲ್ಲಿ ಎಂಟು ಚಾನೆಲ್, 192 ಕಿಲೋಹರ್ಟ್ಸ್ ಜಾಗವನ್ನು ಬೇಡುತ್ತದೆ, ಹಳೆಯ ಪೈಯಲ್ಲಿ ಅಷ್ಟು ಜಾಗವಿಲ್ಲ. ಪೈ 5ರಲ್ಲಿ 3.5 ಮಿಮೀ ಜಾಕ್ ಇಲ್ಲ ಎಂಬುದನ್ನು ಕೊಳ್ಳುವ ಮೊದಲೇ ತಿಳಿದಿರಿ. ಅನಲಾಗ್ ಬೇಕಾದರೆ ಯುಎಸ್‌ಬಿ ಸೌಂಡ್ ಕಾರ್ಡ್ ಬೇಕು. ಆಂಡ್ರಾಯ್ಡ್ ಟಿವಿ ಪೆಟ್ಟಿಗೆಯಲ್ಲಿ ಪಾಸ್‌ಥ್ರೂ ಸಾಧನ ಎರಡು ಬಗೆಯಲ್ಲಿ ಕಂಡರೆ 'ರೆಕಮೆಂಡೆಡ್' ಎಂದಿರುವುದನ್ನು ಮೊದಲು ಹಾಕಿ ನೋಡಿ.

ಸರಿಯಾಯಿತೇ ಎಂದು ನೋಡುವುದು

ಕಿವಿಯೊಂದನ್ನೇ ನಂಬಬೇಡಿ. ಸಿನಿಮಾ ಓಡುತ್ತಿರುವಾಗ ಕೀಬೋರ್ಡಿನಲ್ಲಿ ಇಂಗ್ಲಿಷಿನ 'O' ಅಕ್ಷರದ ಕೀಲಿ ಒತ್ತಿದರೆ ಪರದೆಯ ಮೇಲೆ ಮಾಹಿತಿ ಬರುತ್ತದೆ. ಅದರ ಆಡಿಯೋ ಡೀಕೋಡರ್ ಸಾಲಿನ ಹೆಸರು 'ಪಿ-ಟಿ' ಎಂಬ ಅಕ್ಷರಗಳಿಂದ ಶುರುವಾದರೆ ಗಂಟು ಹಾಗೇ ಹೋಗುತ್ತಿದೆ, 'ಎಫ್-ಎಫ್' ಎಂದಿದ್ದರೆ ಕೋಡಿ ಬಿಚ್ಚುತ್ತಿದೆ. ರಿಸೀವರಿನ ಪರದೆಯಲ್ಲಿ ಡಾಲ್ಬಿ, ಡಿಟಿಎಸ್ ಅಥವಾ ಪಿಸಿಎಂ ಎಂದು ಬರುವುದನ್ನು ಇದರೊಂದಿಗೆ ತಾಳೆ ನೋಡಿ.

ಪಾಸ್‌ಥ್ರೂ ಆನ್ ಇದ್ದೂ ಎಲ್ಲ ಫೈಲಿಗೂ 'ಎಫ್-ಎಫ್' ತೋರಿಸಿದರೆ 'ಪ್ಲೇಯರ್', 'ವಿಡಿಯೋಸ್' ಪುಟಕ್ಕೆ ಹೋಗಿ 'ಸಿಂಕ್ ಪ್ಲೇಬ್ಯಾಕ್ ಟು ಡಿಸ್‌ಪ್ಲೇ' ಆನ್ ಆಗಿದೆಯೇ ನೋಡಿ. ಅದು ಚಿತ್ರದ ಗತಿಗೆ ಹೊಂದುವಂತೆ ಧ್ವನಿಯ ವೇಗವನ್ನು ಕೂದಲೆಳೆಯಷ್ಟು ತಿದ್ದುತ್ತದೆ. ಗಂಟು ಬಿಚ್ಚದೆ ವೇಗ ತಿದ್ದಲಾಗದು, ಆದ್ದರಿಂದ ಪಾಸ್‌ಥ್ರೂ ತಾನಾಗಿ ನಿಲ್ಲುತ್ತದೆ. ಎರಡರಲ್ಲಿ ಒಂದನ್ನು ಬಿಡಬೇಕು.

ಉಳಿದ ಸಾಲುಗಳು

'ಔಟ್‌ಪುಟ್ ಕಾನ್ಫಿಗರೇಶನ್'ಗೆ ಮೂರು ಆಯ್ಕೆ. 'ಬೆಸ್ಟ್ ಮ್ಯಾಚ್' ಫೈಲಿಗೆ ತಕ್ಕಂತೆ ಔಟ್‌ಪುಟ್ ಬದಲಿಸುತ್ತಾ ಹೋಗುತ್ತದೆ, 44.1 ಕಿಲೋಹರ್ಟ್ಸ್ ಹಾಡಿಗೆ 44.1, ಸಿನಿಮಾಕ್ಕೆ 48. 'ಆಪ್ಟಿಮೈಸ್ಡ್' ಆರಂಭದಲ್ಲಿ ಒಮ್ಮೆ ಹೊಂದಿಸಿ ಅದನ್ನೇ ಉಳಿಸಿಕೊಳ್ಳುತ್ತದೆ. 'ಫಿಕ್ಸ್‌ಡ್' ನೀವು ಕೊಟ್ಟ ದರ, ಚಾನೆಲಿಗೆ ಕಟ್ಟುಬೀಳುತ್ತದೆ. ಸುಮ್ಮನೆ ಬೆಸ್ಟ್ ಮ್ಯಾಚ್ ಇಡಿ. ಪ್ರತಿ ಹಾಡಿನ ಮೊದಲ ಅರ್ಧ ಸೆಕೆಂಡು ನುಂಗಿಹೋಗುತ್ತಿದ್ದರೆ ಮಾತ್ರ ಆಪ್ಟಿಮೈಸ್ಡ್‌ಗೆ ಬನ್ನಿ.

'ಸ್ಟಿರಿಯೋ ಅಪ್‌ಮಿಕ್ಸ್' ಎರಡು ಚಾನೆಲನ್ನು ಎಲ್ಲ ಸ್ಪೀಕರಿಗೂ ಹರಡುತ್ತದೆ. ಇದನ್ನು ಆಫ್ ಇಡಿ, ವಿಶೇಷವಾಗಿ ಹಳೆಯ ಕನ್ನಡ ಸಿನಿಮಾ ನೋಡುವವರು. ಕಪ್ಪು-ಬಿಳುಪು ಕಾಲದ ಆ ಧ್ವನಿ ಮೂಲದಲ್ಲಿ ಮಾನೋ, ಎಡ-ಬಲ ಎರಡರಲ್ಲೂ ಇರುವುದು ಒಂದೇ. ಅಪ್‌ಮಿಕ್ಸ್ ಹಾಕಿದರೆ ನಾಯಕನ ಮಾತು ಬೆನ್ನ ಹಿಂದಿನಿಂದಲೂ ಬರಲು ತೊಡಗುತ್ತದೆ. ಬದಲಿಗೆ ರಿಸೀವರಿನ ಡಾಲ್ಬಿ ಸರೌಂಡ್ ಅಥವಾ ಪ್ರೋ ಲಾಜಿಕ್ ಮೋಡ್ ಹಾಕಿ. ಎರಡೂ ಕಡೆ ಒಂದೇ ಇರುವ ಧ್ವನಿಯನ್ನು ಅದು ನಡುವಿನ ಸ್ಪೀಕರಿಗೆ ತರುತ್ತದೆ, ಮಾತು ಪರದೆಯಲ್ಲೇ ನಿಲ್ಲುತ್ತದೆ.

ರಿಸೀವರ್ ನಿದ್ದೆಗೆ ಜಾರಿ ಸಿನಿಮಾದ ಮೊದಲ ಮಾತು ತಪ್ಪುತ್ತಿದ್ದರೆ 'ಕೀಪ್ ಆಡಿಯೋ ಡಿವೈಸ್ ಅಲೈವ್' ಅನ್ನು 'ಆಲ್ವೇಸ್' ಮಾಡಿ. ಅದಕ್ಕೂ ಏಳದ ಸಾಧನಕ್ಕೆ 'ಸೆಂಡ್ ಲೋ ವಾಲ್ಯೂಮ್ ನಾಯ್ಸ್' ಇದೆ. ಆಲ್ವೇಸ್ ಇಟ್ಟರೆ ಅದೇ ಸಾಧನದಲ್ಲಿ ಬೇರೆ ಆ್ಯಪ್‌ನ ಧ್ವನಿಗೆ ಅಡ್ಡಿಯಾಗಬಹುದು. ಆಗ ಕೆಲವು ನಿಮಿಷಗಳ ಗಡುವು ಕೊಡಿ.

ಮಾತು ಮೊದಲು, ತುಟಿ ಆಮೇಲೆ ಎಂಬಂತಿದ್ದರೆ ಸಿನಿಮಾದ ಆಡಿಯೋ ಮೆನುವಿನ 'ಆಡಿಯೋ ಆಫ್‌ಸೆಟ್'ನಲ್ಲಿ ಧ್ವನಿಯನ್ನು ತಡಮಾಡಿ. ಟಿವಿ ಚಿತ್ರವನ್ನು ತಿದ್ದಿ ತೀಡಿ ತೋರಿಸಲು ಸಮಯ ತೆಗೆದುಕೊಳ್ಳುವುದರಿಂದ ಹೀಗಾಗುತ್ತದೆ. ಟಿವಿಯನ್ನು ಗೇಮ್ ಮೋಡಿಗೆ ಹಾಕಿದಾಗ ಅಂತರ ಕಡಿಮೆಯಾದರೆ ಕಾರಣ ಅದೇ ಎಂದು ಖಚಿತ. ಒಂದೇ ಸಿನಿಮಾದಲ್ಲಿ ಹೀಗಾದರೆ ಫೈಲಿನ ದೋಷ, ಅದಕ್ಕಷ್ಟೇ ಹೊಂದಿಸಿ ಬಿಡಿ. ಎಲ್ಲದರಲ್ಲೂ ಒಂದೇ ಅಂತರವಿದ್ದರೆ ಮಾತ್ರ 'ಸೆಟ್ ಆ್ಯಸ್ ಡೀಫಾಲ್ಟ್ ಫಾರ್ ಆಲ್ ಮೀಡಿಯಾ' ಒತ್ತಿ.